ಅತ್ತಿಯ ಗುಳಗಿ, ನನ್ನ ನಳಿಗೆ

ನಾನು ಮಸಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ ಎಂಬ ಸುದ್ದಿಯನ್ನು ಶಹಾಬಾದಿನ ಓಣಿಯಲ್ಲಿ ಹಬ್ಬಿಸಿದವರು ಮಾಮಾ. ಸಂಜೆ ಕಟ್ಟೆಯ ಮೇಲೆ ಕೂತು, ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದರು. "ಅಡಗಿಮನಿ ದೀಪದ ಮಾಡದೊಳಗ ಕರ್ರಗ ಕೂಡ್ತದಲ್ಲ, ಅದ. ಅದನ್ನ ಓದ್ಲಿಕ್ಕೆ ದಿನಾ ಟ್ರೇನ್ ಹತ್ತಿ ಕಲಬುರಗಿಗಿ ಹೋಗ್ತಾಳ. ಮನಿಯೊಳಗ ಬೇಕಾದಷ್ಟು ಅದ ಅಂದ್ರ ಕೇಳವಲ್ಲಳು."

ನಮ್ಮೂರು ಸೇಡಂ. ಕಲಬುರಗಿಯಲ್ಲಿ ಸಂಶೋಧನೆಗೆ ಸೀಟು ಸಿಕ್ಕಾಗ, ದಿನಾ ಅಷ್ಟು ದೂರ ಓಡಾಡುವುದು ಆಗದ ಮಾತು ಎಂದು ಅಪ್ಪ ನನ್ನನ್ನು ಶಹಾಬಾದಿನಲ್ಲಿದ್ದ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟರು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತಿ, ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತಿಯಾದವರು. ಶಾಲೆ ಬಿಟ್ಟರೂ ಶಾಲೆಯ ದನಿ ಬಿಟ್ಟಿರಲಿಲ್ಲ. ಹಾಲಿನವನಿಗೂ "ಜೋರಾಗಿ ಹೇಳು, ಕೇಳಸವಲ್ದು" ಎನ್ನುತ್ತಿದ್ದರು. ಮಾಮಾ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತಿಯ ನಂತರ ಅವರಿಗೆ ಉಳಿದಿದ್ದ ಒಂದೇ ಕೆಲಸ, ಅತ್ತಿಯನ್ನು ಕೆಣಕುವುದು. ನಾನು ಬಂದ ಮೇಲೆ ಆ ಕೆಲಸ ಎರಡಾಯಿತು.

ಮನೆಗೆ ಬಂದ ಮೊದಲ ವಾರವೇ ಅತ್ತಿ ನನ್ನನ್ನು ಕೂರಿಸಿಕೊಂಡು ಪಾಠ ಒಪ್ಪಿಸಲು ಹೇಳಿದರು.

"ಏನ್ ಮಾಡ್ತಿ ನೀ ಅಲ್ಲಿ? ನನಗ ತಿಳಿಯೂ ಹಂಗ ಹೇಳು."

ನಾನು ಹೇಳಿದೆ. ಇಂಗಾಲದ ತೆಳು ಹಾಳೆಯೊಂದನ್ನು ಚಾಪೆಯ ಹಾಗೆ ಸುತ್ತಿದರೆ ಒಂದು ನಳಿಗೆ ಆಗುತ್ತದಲ್ಲ, ಅಂಥವು. ಕೂದಲನ್ನು ಸಾವಿರಾರು ಎಳೆಯಾಗಿ ಸೀಳಿದರೆ ಸಿಗುವಷ್ಟು ಸಣ್ಣ. ಅದರ ಮೈಗೆ ಕ್ಯಾನ್ಸರಿನ ಔಷಧ ಅಂಟಿಸುತ್ತೇವೆ. ಬರೀ ಔಷಧ ಕೊಟ್ಟರೆ ಅದು ಮೈಯೆಲ್ಲ ಸುತ್ತಾಡಿ, ಬೇಕಾದ ಕಡೆಗೂ ಬೇಡವಾದ ಕಡೆಗೂ ಕೈ ಹಾಕುತ್ತದೆ. ಕೂದಲು ಉದುರುವುದು, ವಾಂತಿಯಾಗುವುದು ಅದಕ್ಕೇ. ನಳಿಗೆಯ ಮೇಲೆ ಕೂರಿಸಿ ಕಳಿಸಿದರೆ ಅದನ್ನು ಜೀವಕೋಶದ ಒಳಗೇ ಇಳಿಸಿ ಬರಬಹುದೇ ಎಂದು ನೋಡುವುದು ನಮ್ಮ ಕೆಲಸ.

ಅತ್ತಿ ಪೂರ್ತಿ ಕೇಳಿದರು. ಆಮೇಲೆ, "ಅಂದ್ರ ಔಷಧ ನೀ ಮಾಡೂದಿಲ್ಲ" ಎಂದರು.

"ಇಲ್ಲ, ಔಷಧ ಮೊದಲೇ ಅದ."

"ರೋಗಾನೂ ನೀ ನೋಡೂದಿಲ್ಲ."

"ಇಲ್ಲ ಅತ್ತಿ."

"ಗಾಡಿ ಹೊಡೀತಿ."

ಮಾಮಾ ಒಳಗಿನಿಂದ ನಕ್ಕ ಸದ್ದು ಕೇಳಿಸಿತು. ಅಂದಿನಿಂದ ನಾನು ಟ್ರೇನಿಗೆ ಹೊರಟಾಗಲೆಲ್ಲ ಅವರು ಪೇಪರಿನ ಹಿಂದಿನಿಂದ, "ಗಾಡಿ ಲೇಟಿಲ್ಲಲ್ಲ?" ಎಂದು ಕೇಳುತ್ತಿದ್ದರು. ಯಾವ ಗಾಡಿ ಎಂದು ಕೇಳುವ ತಪ್ಪನ್ನು ನಾನು ಮಾಡುತ್ತಿರಲಿಲ್ಲ.

ಆ ವರ್ಷ ಬೇಸಿಗೆಗೆ ಅತ್ತಿಗೆ ಎದೆಯುರಿ ಶುರುವಾಯಿತು. ಉಂಡದ್ದೆಲ್ಲ ಹುಳಿತೇಗು. ಚಿತ್ತಾಪುರದಲ್ಲಿದ್ದ ಅವರ ಮಗಳು ಫೋನಿನಲ್ಲೇ ಜಗಳಾಡಿ ಅವರನ್ನು ವಾಡಿಯ ಡಾಕ್ಟರ ಹತ್ತಿರ ಹೋಗಲು ಒಪ್ಪಿಸಿದಳು. ಆ ಡಾಕ್ಟರು ಬಹಳ ತಾಳ್ಮೆಯ ಮನುಷ್ಯ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಾಗಿದೆ ಎಂದು ಹೇಳಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಕ್ಯಾಪ್ಸೂಲ್ ಬರೆದುಕೊಟ್ಟರು. ಖಾಲಿ ಹೊಟ್ಟೆ ಎಂಬುದು ಅತ್ತಿಗೆ ಹಿಡಿಸಿತು. ಸ್ನಾನ, ಪೂಜೆ, ತೀರ್ಥ ಆಗುವವರೆಗೆ ಅವರು ಹೇಗೂ ಏನೂ ಮುಟ್ಟುತ್ತಿರಲಿಲ್ಲ.

ಎಷ್ಟೋ ದಿನ ಕಳೆದರೂ ಉರಿ ಮಾತ್ರ ಇಳಿಯಲಿಲ್ಲ. "ವಾಡಿ ಡಾಕ್ಟರ್ ಬರೇ ಮಾತಿನ್ಯಾಗ ಶಾಣ್ಯಾ" ಎಂದು ಅತ್ತಿ ತೀರ್ಪು ಕೊಟ್ಟರು. ಮಾಮಾ ಮಾತ್ರ, "ಹೊಟ್ಟಿಯೊಳಗ ಇದ್ದದ್ದು ಉರಿ ಅಲ್ಲ, ಸ್ವಭಾವ. ಅದಕ್ಕ ಔಷಧ ಬಂದಿಲ್ಲ" ಎಂದು ಹೇಳಿ ಎರಡು ಹೊತ್ತು ತಣ್ಣಗಿನ ಸಾರು ಉಂಡರು.

ಒಂದು ರವಿವಾರ ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ. ತೀರ್ಥ ಮುಗಿಸಿ ಬಂದ ಅತ್ತಿ ಕ್ಯಾಪ್ಸೂಲ್ ತೆಗೆದು, ಅದರ ಎರಡು ತುದಿ ಹಿಡಿದು ಎಳೆದು ಬಿಚ್ಚಿದರು. ಚಿಪ್ಪು ಕಸದ ಡಬ್ಬಿಗೆ ಹೋಯಿತು. ಒಳಗಿದ್ದ ಸಾಬೂದಾಣಿಯಂಥ ಬಿಳೀ ಕಾಳುಗಳನ್ನು ಏಲಕ್ಕಿ ಕುಟ್ಟುವ ಪುಟ್ಟ ಕಲ್ಲಿಗೆ ಹಾಕಿ ನುಣ್ಣಗೆ ಅರೆದರು. ಚಿಂಚೋಳಿ ಕಡೆಯ ಬಂಧುಗಳು ತಂದುಕೊಟ್ಟ ಜೇನುತುಪ್ಪದಲ್ಲಿ ಕಲಸಿ ನೆಕ್ಕಿದರು.

"ಅತ್ತಿ, ಏನ್ ಮಾಡಾಕತ್ತೀರಿ?"

"ಕಾಣವಲ್ದೇನು? ಔಷಧ ತಗೊಳ್ಳಾಕತ್ತೀನಿ."

"ದಿನಾ ಹಿಂಗೇ ತಗೋತೀರೇನು?"

"ಮತ್ತೇನು, ಪ್ಲಾಸ್ಟಿಕ್ ನುಂಗ್ಲೇನು? ಮ್ಯಾಲಿಂದು ತಗದು ಒಗದು ಒಳಗಿಂದು ತಿಂತೀನಿ. ಬಾಳಿಹಣ್ಣು ಹ್ಯಾಂಗ ತಿಂತಿ ನೀ?"

ನಾನು ನೆಲದ ಮೇಲೆ ಕೂತುಬಿಟ್ಟೆ. ಔಷಧವನ್ನು ಅದರ ಜಾಗಕ್ಕೆ ಕೆಡದಂತೆ ತಲುಪಿಸುವುದು ಹೇಗೆ ಎಂದು ಕಲಬುರಗಿಯಲ್ಲಿ ದಿನವಿಡೀ ತಲೆ ಕೆಡಿಸಿಕೊಳ್ಳುತ್ತಿದ್ದ ನಾನು ಯಾರ ಮನೆಯ ಅನ್ನ ಉಣ್ಣುತ್ತಿದ್ದೆನೋ, ಅದೇ ಮನೆಯಲ್ಲಿ ದಿನಾ ಬೆಳಿಗ್ಗೆ ಆ ಏರ್ಪಾಡನ್ನು ಅರೆದು ಪುಡಿ ಮಾಡಲಾಗುತ್ತಿತ್ತು. ಆ ಕಾಳುಗಳಿಗೆ ಒಂದೊಂದಕ್ಕೂ ಒಂದು ಹೊದಿಕೆ ಇರುತ್ತದೆ. ಹೊಟ್ಟೆಯ ಆಮ್ಲ ತಗುಲಿದರೆ ಈ ಔಷಧ ಕೆಡುತ್ತದೆ, ಹೊಟ್ಟೆ ದಾಟಿ ಕರುಳಿಗೆ ಹೋದ ಮೇಲೆ ಬಿಚ್ಚಿಕೊಳ್ಳಲಿ ಎಂದು ಆ ಹೊದಿಕೆ. ಇಷ್ಟನ್ನೂ ವಿವರಿಸಿದೆ. ಅತ್ತಿ ಅರ್ಧ ಒಪ್ಪಿದರು. ಅಲ್ಲಿಗೆ ನಿಂತಿದ್ದರೆ ಕೆಲಸ ಮುಗಿಯುತ್ತಿತ್ತು.

"ಆತು, ಅರಿಯೂದಿಲ್ಲ. ಆದ್ರ ಆ ಮ್ಯಾಲಿನ ಚಿಪ್ಪ? ಅದು ಪ್ಲಾಸ್ಟಿಕ್ ಹೌದಿಲ್ಲೋ?"

"ಅಲ್ಲ ಅತ್ತಿ, ಅದು ಜೆಲಟಿನ್. ಹೊಟ್ಟಿಯೊಳಗ ಕರಗ್ತದ."

"ಜೆಲಟಿನ್ ಅಂದ್ರ?"

ನಾನು ಮಾಮನ ಕಡೆ ನೋಡಿದೆ. ಅವರಿಗೆ ಉತ್ತರ ಗೊತ್ತಿತ್ತು. ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡರು. ಅತ್ತಿಯ ಶಾಲೆಯ ಕಣ್ಣು ನನ್ನ ಮೇಲಿತ್ತು.

"ಸಾಧಾರಣ ದನದ್ದೋ ಹಂದಿದ್ದೋ ಎಲುಬು, ಚರ್ಮದಿಂದ ಮಾಡ್ತಾರ" ಎಂದೆ.

ಆಮೇಲೆ ನಡೆದದ್ದನ್ನು ಮಾಮಾ ಇಂದಿಗೂ ಅಭಿನಯಿಸಿ ತೋರಿಸುತ್ತಾರೆ. ಅತ್ತಿ ಬಾಯಿ ಮುಕ್ಕಳಿಸಿ ಬಂದರು. ಮತ್ತೆ ಹೋಗಿ ಸ್ನಾನ ಮಾಡಿದರು. ಏಲಕ್ಕಿ ಕುಟ್ಟುವ ಕಲ್ಲು ಹಿತ್ತಲಿಗೆ ಹೋಯಿತು. ಜೇನಿನ ಬಾಟಲಿ ಅದರ ಹಿಂದೆ ಹೋಯಿತು. ಆ ಕಲ್ಲು ಮುಟ್ಟಿದ ಕೈಯಿಂದ ಮುಟ್ಟಿದ ಸಕ್ಕರೆ ಡಬ್ಬಿಯ ಬಗ್ಗೆ ಸ್ವಲ್ಪ ಹೊತ್ತು ಯೋಚನೆ ನಡೆದು, ಸಕ್ಕರೆ ಉಳಿಯಿತು. ಕ್ಯಾಪ್ಸೂಲಿನ ಪಟ್ಟಿಯನ್ನು ಅತ್ತಿ ಇಕ್ಕಳದಲ್ಲಿ ಹಿಡಿದು ಹೊರಗೆ ಇಟ್ಟು ಬಂದರು.

"ಇಷ್ಟು ದಿನ ಗೊತ್ತಿಲ್ದ ಅದರೊಳಗಿಂದು ತಿಂದಿದ್ದಕ್ಕ ದೇವರು ಏನೂ ಅನ್ನೂದಿಲ್ಲ" ಎಂದು ಮಾಮಾ ಸಮಾಧಾನ ಹೇಳಿದರು. "ಇನ್ನ ಗೊತ್ತು ಮಾಡಿದಾಕಿ ಸುದ್ದಿ ಏನೋ ನನಗ ತಿಳೀದು."

ಅತ್ತಿ ನನ್ನ ಕಡೆ ತಿರುಗಿದರು. "ನಿನ್ನ ನಳಿಗಿ? ಅದೂ ಎಲುಬಿಂದೇನು?"

"ಇಲ್ಲ ಅತ್ತಿ! ಬರೀ ಇಂಗಾಲ. ಇದ್ದಲಿ ಇದ್ದಂಗ."

"ಇದ್ದಲಿ" ಎಂದು ಅತ್ತಿ ಒಂದು ಕ್ಷಣ ತೂಗಿ ನೋಡಿದರು. "ಇದ್ದಲಿಗಿ ಮೈಲಿಗಿ ಇಲ್ಲ. ಅದು ನಡೀತದ."

ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇನ್ನೂ ಬಳಕೆಗೆ ಬಾರದ ನನ್ನ ನಳಿಗೆಗೆ ಶಹಾಬಾದಿನಲ್ಲಿ ಮಾತ್ರ ಅಂದೇ ಅನುಮತಿ ಸಿಕ್ಕಿತ್ತು.

ಆದರೆ ಅತ್ತಿಯ ಎದೆಯುರಿ ಹಾಗೇ ಇತ್ತು. ನಾನು ವಾಡಿಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಗು ತಡೆದುಕೊಂಡೇ ಮಾತಾಡಿದರು. ಚಿಪ್ಪಿಲ್ಲದ, ಹೊದಿಕೆಯಿರುವ ಗುಳಗಿ ಬೇರೆ ಇದೆ, ಅದನ್ನು ಬರೆದುಕೊಡುತ್ತೇನೆ, ಆದರೆ ಅದನ್ನೂ ಒಡೆಯಬಾರದು, ಅರೆಯಬಾರದು ಎಂದರು. ಅತ್ತಿಯದು ಬೇರೆಯೇ ತಕರಾರು. ಇಡೀ ಗುಳಗಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಭಯ ಅವರಿಗೆ ಚಿಕ್ಕಂದಿನಿಂದ. ಜ್ವರದ ಗುಳಗಿಯನ್ನೂ ಅವರು ಎಂದೂ ಇಡಿಯಾಗಿ ನುಂಗಿದವರಲ್ಲ.

"ಅರದ್ರ ಏನಾಗ್ತದ? ಒಳಗ ಹೋಗಿ ಹೆಂಗೂ ಪುಡಿ ಆಗೂದೇ ಅದ."

"ಕೆಡ್ತದ ಅತ್ತಿ."

"ನೀ ನೋಡಿದ್ದೇನು?"

ಆ ಪ್ರಶ್ನೆಗೆ ಒಂದೇ ದಾರಿಯಿತ್ತು. ಹೊರಗೆ ಬಿದ್ದಿದ್ದ ಹಳೆಯ ಕ್ಯಾಪ್ಸೂಲನ್ನು ತಂದು, ಹಿತ್ತಲಲ್ಲಿ, ಅಡುಗೆಮನೆಯಿಂದ ಸಾಕಷ್ಟು ದೂರದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡು ಗಾಜಿನ ಲೋಟ ಇಟ್ಟೆ. ಎರಡಕ್ಕೂ ನಿಂಬೆಹುಳಿ ಹಿಂಡಿದೆ. ಒಂದಕ್ಕೆ ಕಾಳುಗಳನ್ನು ಇಡಿಯಾಗಿ ಹಾಕಿದೆ, ಇನ್ನೊಂದಕ್ಕೆ ಅತ್ತಿಯ ಪದ್ಧತಿಯಂತೆ ಅರೆದು ಹಾಕಿದೆ. ಅತ್ತಿ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಕೂತರು. ಮಾಮಾ ಶೇಂಗಾ ತಂದುಕೊಂಡರು.

ಬಹಳ ಹೊತ್ತು ಏನೂ ಆಗಲಿಲ್ಲ. "ನಿಂಬಿಹಣ್ಣು ದಂಡ ಆದ್ವು" ಎಂದು ಮಾಮಾ ಎದ್ದು ಹೋಗುವುದರಲ್ಲಿದ್ದರು. ಅಷ್ಟರಲ್ಲಿ ಅರೆದು ಹಾಕಿದ ಲೋಟದ ಬಣ್ಣ ಮೆಲ್ಲಗೆ ತಿರುಗಿತು. ಮೊದಲು ಹಳದಿ, ಆಮೇಲೆ ಕಂದು. ಪಕ್ಕದ ಲೋಟದಲ್ಲಿ ಕಾಳುಗಳು ಬೆಳ್ಳಗೆ, ಏನೂ ಆಗದವರಂತೆ ತಳದಲ್ಲಿ ಕೂತಿದ್ದವು.

ಅತ್ತಿ ಇಳಿದು ಬಂದು, ಮುಟ್ಟದೆ, ಬಗ್ಗಿ ನೋಡಿದರು. ಎರಡೂ ಲೋಟಗಳನ್ನು ಬಿಸಿಲಿಗೆ ಹಿಡಿಯಲು ನನಗೆ ಹೇಳಿದರು.

"ಅಂದ್ರ ಇಷ್ಟು ದಿನ ನಾ ತಿಂದದ್ದು ಈ ಕರ್ರಗಿಂದು."

"ಬಹುಮಟ್ಟಿಗೆ."

"ಏನ್ರಿ, ನೋಡಿದ್ರಿಲ್ಲೋ?" ಎಂದು ಮಾಮನಿಗೆ ಹೇಳಿದರು. "ಆ ವಾಡಿ ಡಾಕ್ಟರಂದು ಏನೂ ತಪ್ಪಿಲ್ಲ, ಪಾಪ."

ಮರುದಿನ ಹೊಸ ಗುಳಗಿ ಬಂತು. ಅತ್ತಿ ದೇವರ ಕೋಣೆಯ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ತಂಬಿಗೆಯಷ್ಟು ನೀರು ಕುಡಿದು ಅದನ್ನು ಇಡಿಯಾಗಿ ನುಂಗಿದರು. ಮಾಮಾ ಚಪ್ಪಾಳೆ ತಟ್ಟಿದರು. ಆ ಗುಳಗಿಯ ಒಳಗಿನ ಪುಡಿಗಳ ಕುಲಗೋತ್ರ ನನಗೂ ಪೂರ್ತಿ ಗೊತ್ತಿರಲಿಲ್ಲ. ಅತ್ತಿ ಕೇಳಲಿಲ್ಲ, ನಾನು ಹೇಳಲಿಲ್ಲ. ಕೆಲವು ವಾರಗಳಲ್ಲಿ ಉರಿ ಇಳಿಯಿತು. ಸಾರಿಗೆ ಖಾರ ಮರಳಿ ಬಂತು.

ಇದರಿಂದ ಓಣಿಗೆ ತೊಂದರೆಯಾಯಿತು. ಅತ್ತಿ ಈಗ ಗುಳಗಿ ಶಾಸ್ತ್ರದಲ್ಲಿ ಪಂಡಿತರಾಗಿದ್ದರು. ಯಾರ ಮನೆಗೆ ಹೋದರೂ ಗುಳಗಿ ಒಡೆಯುವವರ ಕೈ ಹಿಡಿಯುತ್ತಿದ್ದರು. ಒಂದು ದಿನ ವಾಡಿಯ ಡಾಕ್ಟರೇ ನನಗೆ ಫೋನ್ ಮಾಡಿದರು. "ಮೇಡಂ, ನಿಮ್ಮ ಬಾಜೂ ಮನಿಯವರಿಗಿ ಬಿಪಿ ಗುಳಗಿ ಅರ್ಧ ತಗೋರಿ ಅಂತ ಹೇಳಿದ್ದೆ. ಅವರು ಇಡೀ ತಗೊಂಡು ತಲಿ ತಿರುಗಿ ಕುಂತಾರ. ಯಾಕ್ರಿ ಅಂದ್ರ, ಗುಳಗಿ ಒಡೀಬಾರ್ದು ಅಂತ ಟೀಚರ್ ಅಕ್ಕೋರು ಅಂದಾರ ಅಂತಾರ." ಆ ಸಂಜೆ ನಾನು ಅತ್ತಿಯನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದೆ. ನಡುವೆ ಗೀರಿರುವ ಗುಳಗಿಯನ್ನು ಒಡೆಯಬಹುದು, ಯಾವುದಕ್ಕೂ ಡಾಕ್ಟರನ್ನು ಕೇಳಬೇಕು ಎಂದು ಎಲ್ಲರ ಮುಂದೆ ಹೇಳಬೇಕಾಯಿತು. ಅತ್ತಿ ಪೂರ್ತಿ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಬರುವಾಗ, "ಮೊದಲೇ ಪೂರಾ ಪಾಠ ಹೇಳಬೇಕಿಲ್ಲೋ? ಅರ್ಧ ಪಾಠ ಹೇಳಿ ಕಳಿಸಿದ್ರ ಹಿಂಗೇ" ಎಂದು ನನ್ನನ್ನೇ ಬೈದರು.

ಈ ನಡುವೆ ಕಲಬುರಗಿಯ ನನ್ನ ನಳಿಗೆಗಳು ನನ್ನ ಮಾತು ಕೇಳುತ್ತಿರಲಿಲ್ಲ. ನೀರಿಗೆ ಹಾಕಿದರೆ ಹಿಟ್ಟಿನ ಗಂಟಿನಂತೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿದ್ದವು. ಆಮ್ಲದಲ್ಲಿ ಕುದಿಸಿ, ತೊಳೆದು, ಮೈಮೇಲೆ ನೀರಿಗೆ ಒಗ್ಗುವ ಲೇಪ ಕೊಟ್ಟ ಮೇಲೆ ಬೇರೆಬೇರೆಯಾಗಿ ತೇಲಿದವು. ಅಂಟಿಸುವ ಔಷಧ ಕೆಂಪು ಬಣ್ಣದ್ದು, ವಿಶೇಷ ಬೆಳಕು ಹಾಯಿಸಿದರೆ ತಾನೇ ಹೊಳೆಯುತ್ತದೆ. ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳು ನಳಿಗೆಯನ್ನು ನುಂಗಿ ಒಂದು ಪುಟ್ಟ ಚೀಲದಲ್ಲಿ ಇಟ್ಟುಕೊಳ್ಳುತ್ತವೆ. ಆ ಚೀಲದೊಳಗೆ ಹುಳಿ ಹೆಚ್ಚು. ಹುಳಿ ತಗುಲಿದಾಗ ಔಷಧ ನಳಿಗೆಯಿಂದ ಕಳಚಿಕೊಳ್ಳಬೇಕು.

ಇದನ್ನು ಹೇಳಿದಾಗ ಅತ್ತಿ ಸೊಪ್ಪು ಸೋಸುವುದನ್ನು ನಿಲ್ಲಿಸಿದರು. "ನಂದು ಹುಳಿಯೊಳಗ ಬಿಚ್ಚಬಾರ್ದು. ನಿಂದು ಹುಳಿಯೊಳಗ ಬಿಚ್ಚಬೇಕು. ಒಂದು ನಿರ್ಧಾರಕ್ಕ ಬರ್ರಿ ನೀವು."

ಒಂದು ಮಧ್ಯಾಹ್ನ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ ಕತ್ತಲಲ್ಲಿ ಜೀವಕೋಶಗಳು ಒಂದೊಂದಾಗಿ ಒಳಗಿನಿಂದ ಕೆಂಪಗೆ ಹೊಳೆಯುತ್ತಿದ್ದವು. ಔಷಧ ಒಳಗೆ ಹೋಗಿತ್ತು. ನಾನು ಗೈಡ್ ಮೇಡಂ ಅವರನ್ನು ಕರೆಯುವ ಮೊದಲು ಮನೆಗೆ ವಿಡಿಯೋ ಕಾಲ್ ಮಾಡಿದೆ. ಫೋನಿನಲ್ಲಿ ಮೊದಲು ಮಾಮನ ಕಿವಿ ಕಾಣಿಸಿತು, ಆಮೇಲೆ ಅತ್ತಿಯ ಹಣೆ.

"ಕುಂಕುಮ ಚೆಲ್ಲಿದಂಗ ಕಾಣ್ತದ" ಎಂದರು ಅತ್ತಿ. "ಛಲೋ ಆತು. ಉಂಡೀಯಿಲ್ಲೋ?"

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಹೋಲಿಕೆಗೆಂದು ಔಷಧವಿಲ್ಲದ ಬರೀ ನಳಿಗೆ ಹಾಕಿದ್ದ ತಟ್ಟೆಯಲ್ಲೂ ಜೀವಕೋಶಗಳು ಸತ್ತಿದ್ದವು. ಮತ್ತೆ ಮಾಡಿದೆ, ಮತ್ತೆ ಹಾಗೇ. ಅಂದು ಕತ್ತಲಾದ ಮೇಲಿನ ಟ್ರೇನಿಗೆ ಶಹಾಬಾದಿಗೆ ಬಂದೆ. ಮನೆಯಲ್ಲಿ ಅತ್ತಿ ತಟ್ಟೆ ಹಾಕಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ನಾನು ಒಂದು ತುತ್ತು ತಿಂದ ಮೇಲೆ ಕೇಳಿದರು. "ಏನಾತು?"

"ಔಷಧ ಇಲ್ದಿದ್ರೂ ಸಾಯಾಕತ್ಯಾವು, ಅತ್ತಿ."

ಅತ್ತಿ ಇನ್ನೊಂದು ರೊಟ್ಟಿ ನನ್ನ ತಟ್ಟೆಗೆ ಹಾಕಿದರು. "ಅಂದ್ರ ಗಾಡಿನೇ ಗುದ್ದಾಕತ್ತದ."

ನನಗೆ ಅಳು ಬರುವುದರಲ್ಲಿತ್ತು, ನಗು ಬಂತು. ಮಾಮಾ ಆ ದಿನ ಒಂದೂ ಮಾತು ಕೆಣಕಲಿಲ್ಲ. ತಮ್ಮ ಪಾಲಿನ ಬೆಣ್ಣೆಯನ್ನೂ ನನ್ನ ತಟ್ಟೆಗೆ ಸರಿಸಿ, "ಡ್ರೈವರ್‌ಗ ಬೇಕಾಗ್ತದ" ಎಂದಷ್ಟೇ ಹೇಳಿದರು.

ಗೈಡ್ ಮೇಡಂ ಹೇಳಿದ್ದೂ ಹೆಚ್ಚುಕಡಿಮೆ ಅದೇ. ನಳಿಗೆ ತಯಾರಿಸುವಾಗ ಬಳಸಿದ ಲೋಹದ ಚೂರುಗಳು ಅದರಲ್ಲಿ ಉಳಿದಿರಬಹುದು, ಉದ್ದದ ನಳಿಗೆಗಳು ಜೀವಕೋಶಕ್ಕೆ ಚುಚ್ಚುತ್ತಿರಬಹುದು. ಮತ್ತೆ ತೊಳೆ, ಮತ್ತೆ ತುಂಡರಿಸು. ಎಷ್ಟೋ ತಿಂಗಳು ಅದೇ ಕೆಲಸ ಮಾಡಿದೆ. ಸಾವು ಕಡಿಮೆಯಾಯಿತು, ಆದರೆ ಪೂರ್ತಿ ನಿಲ್ಲಲಿಲ್ಲ. ನನ್ನ ಪ್ರಬಂಧದಲ್ಲಿ ಎರಡನ್ನೂ ಬರೆದೆ. ಔಷಧ ಒಳಗೆ ಹೋಗುತ್ತದೆ. ಗಾಡಿ ಇನ್ನೂ ಪೂರ್ತಿ ಸುರಕ್ಷಿತವಲ್ಲ.

ಕೊನೆಗೆ ವೈವಾ ದಿನ ಬಂತು. ಸೇಡಂನಿಂದ ಅಪ್ಪ ಅಮ್ಮ ಬಂದರು, ಶಹಾಬಾದಿನಿಂದ ಅತ್ತಿ ಮಾಮಾ. ಅತ್ತಿ ರೇಷ್ಮೆ ಸೀರೆ ಉಟ್ಟು, ಸಭಾಂಗಣದ ಎರಡನೇ ಸಾಲಿನಲ್ಲಿ ಕೂತು, ನಾನು ಮಾತಾಡುವಾಗಲೆಲ್ಲ "ಜೋರಾಗಿ" ಎಂದು ಕೈಸನ್ನೆ ಮಾಡಿದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೃದುವಾಗಿಯೇ ಕೇಳುತ್ತಿದ್ದರು. ಕೊನೆಯ ಪ್ರಶ್ನೆ ಮಾತ್ರ ಗಟ್ಟಿಯಾಗಿತ್ತು. ಔಷಧ ಇಳಿಸಿದ ಮೇಲೆ ಮನುಷ್ಯನ ಮೈಯಲ್ಲಿ ಈ ನಳಿಗೆಗಳು ಏನಾಗುತ್ತವೆ? ಎಲ್ಲಿ ಹೋಗುತ್ತವೆ?

"ನನಗೆ ಗೊತ್ತಿಲ್ಲ, ಸರ್" ಎಂದೆ. ಕೆಲವು ಹೊರಗೆ ಹೋಗಬಹುದು, ಕೆಲವು ಯಕೃತ್ತಿನಂಥ ಕಡೆ ಉಳಿದುಕೊಳ್ಳಬಹುದು, ನನ್ನ ಕೆಲಸ ತಟ್ಟೆಯ ಜೀವಕೋಶಗಳಿಗೇ ನಿಂತಿದೆ, ಇದನ್ನು ತಿಳಿಯದೆ ರೋಗಿಗೆ ಕೊಡುವ ಹಾಗಿಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತಿಯ ಕೈ ಮಾತ್ರ ಮಡಿಲಲ್ಲೇ ಇತ್ತು.

ಹೊರಗೆ ಬಂದ ತಕ್ಷಣ ನನ್ನ ತೋಳು ಹಿಡಿದರು. "ಗೊತ್ತಿಲ್ಲ ಅಂತ ಯಾಕ ಅಂದಿ? ಫೇಲ್ ಮಾಡಿದ್ರೇನು?"

"ಇಲ್ಲ ಅತ್ತಿ, ಪಾಸ್ ಆತು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬೇಕು."

"ನಾ ಮೂವತ್ತು ವರ್ಷ ಕಲಿಸೀನಿ. ಗೊತ್ತಿಲ್ಲ ಅಂದವ್ರಿಗಿ ಎಂದೂ ಮಾರ್ಕ್ಸ್ ಕೊಟ್ಟಿಲ್ಲ."

ಮಾಮಾ ಕೈಯಲ್ಲಿದ್ದ ಪೇಢಾ ಡಬ್ಬಿಯಿಂದ ಒಂದನ್ನು ನನಗೆ ಕೊಟ್ಟು, ಅತ್ತಿಗೆ ಕೇಳುವ ಹಾಗೆಯೇ ಹೇಳಿದರು. "ನಮ್ಮ ಮನಿಯವರ ಬಾಯೊಳಗ ಗೊತ್ತಿಲ್ಲ ಅನ್ನೂ ಶಬ್ದ ನಾ ಇವತ್ತೇ ಮೊದಲ ಕೇಳಿದ್ದು. ಅದಕ್ಕೇ ಡಾಕ್ಟರೇಟ್ ಕೊಟ್ಟಾರ."

ಅಪ್ಪ ಅಮ್ಮ ಕಲಬುರಗಿಯಲ್ಲೇ ನಂಟರ ಮನೆಗೆ ಹೋದರು. ನಾವು ಮೂವರು ಸಂಜೆಯ ಟ್ರೇನ್ ಹತ್ತಿದೆವು. ಎದುರಿಗೆ ರಾವೂರಿನ ಹೆಂಗಸೊಬ್ಬರು ಕೂತಿದ್ದರು, ವಾಡಿಯಲ್ಲಿ ಇಳಿಯುವವರು. ರೇಷ್ಮೆ ಸೀರೆ, ಪೇಢಾ ಡಬ್ಬಿ ನೋಡಿ, "ಏನ್ರಿ ಅಕ್ಕೋರ, ಕಾರ್ಯ ಏನರ ಇತ್ತೇನು?" ಎಂದು ಕೇಳಿದರು.

ಅತ್ತಿ ನೆಟ್ಟಗೆ ಕೂತರು. "ನಮ್ಮ ತಮ್ಮನ ಮಗಳ್ರಿ. ಇವತ್ತು ಡಾಕ್ಟರ್ ಆದ್ಲು. ಸೂಜಿ ಚುಚ್ಚೂ ಡಾಕ್ಟರ್ ಅಲ್ಲ. ಇದ್ದಲೀದು ಸಣ್ಣ ಸಣ್ಣ ನಳಿಗಿ ಇರ್ತಾವ್ರಿ, ಕಣ್ಣಿಗಿ ಕಾಣೂದಿಲ್ಲ. ಅದರ ಮ್ಯಾಲ ಔಷಧ ಕೂಡ್ರಿಸಿ ರೋಗ ಇದ್ದಲ್ಲೇ ಇಳಿಸ್ತಾರ. ಬ್ಯಾರೆ ಕಡೆ ಹೋಗಬಾರ್ದು ಅಂತ. ಆದ್ರ ಇನ್ನೂ ಮನಶ್ಯಾರಿಗಿ ಕೊಡೂ ಹಂಗಿಲ್ಲ. ಇಳಿಸಿದ ಮ್ಯಾಲ ಆ ನಳಿಗಿ ಎಲ್ಲಿ ಹೋಗ್ತಾವು ಅನ್ನೂದು ಇನ್ನೂ ಯಾರಿಗೂ ಗೊತ್ತಿಲ್ಲ." ಬಹಳ ಹೆಮ್ಮೆಯಿಂದ ಸೇರಿಸಿದರು. "ಇಕಿಗೂ ಗೊತ್ತಿಲ್ಲ!"

ಮಾಮಾ ಕಿಟಕಿಯ ಕಡೆ ಮುಖ ತಿರುಗಿಸಿದರು, ಹೆಗಲು ಮಾತ್ರ ಕುಣಿಯುತ್ತಿತ್ತು. ಇಷ್ಟು ವರ್ಷ ನಾನು ಊರೂರಿನ ವಿಚಾರ ಸಂಕಿರಣಗಳಲ್ಲಿ ಕೊಟ್ಟ ಯಾವ ವಿವರಣೆಯೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಇರಲಿಲ್ಲ.

ರಾವೂರಿನ ಹೆಂಗಸು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ತಮ್ಮ ಮೊಣಕಾಲು ಮುಟ್ಟಿಕೊಂಡು ಕೇಳಿದರು. "ಯವ್ವಾ, ಮೊಣಕಾಲ ನೋವಿಗಿ ನಡೀತಾವೇನು ಆ ನಳಿಗಿ?"

ನಾನು ಬಾಯಿ ತೆಗೆಯುವ ಮೊದಲೇ ಅತ್ತಿ ಉತ್ತರ ಕೊಟ್ಟರು. "ಇನ್ನೂ ಭಾಳ ವರ್ಷ ಅದ್ರಿ. ಅಲ್ಲೀತನಕ ವಾಡಿಯೊಳಗ ಒಬ್ಬರು ಡಾಕ್ಟರ್ ಇದ್ದಾರ, ಛಲೋ ಇದ್ದಾರ, ಅವರ ಕಡೆ ಹೋಗ್ರಿ. ಗುಳಗಿ ಕೊಟ್ರ ಮಾತ್ರ ಒಡೀಬಹುದೋ ಇಲ್ಲೋ ಕೇಳಿ ತಗೋರಿ."

ಪೇಢಾ ಡಬ್ಬಿ ಇಡೀ ಬೋಗಿಗೆ ಒಂದು ಸುತ್ತು ಹೋಗಿ ಖಾಲಿಯಾಗಿ ಬಂತು. ಶಹಾಬಾದ್ ಬಂದಾಗ ಆ ಹೆಂಗಸು ನನ್ನ ತಲೆಯ ಮೇಲೆ ಕೈಯಿಟ್ಟು, "ಲಗೂ ಮಾಡವ್ವ, ನನ್ನ ಕಾಲು ಇರೂತನಕ" ಎಂದರು. ಅತ್ತಿ ಆಗಲೇ ಬಾಗಿಲ ಹತ್ತಿರ ನಿಂತು, ಇಳಿಯುವವರಿಗೆ ಸಾಲಾಗಿ ಇಳಿಯಿರಿ ಎಂದು ಹೇಳುತ್ತಿದ್ದರು.